ಹುಣಸೂರಿನ ಶಾಲೆಯಲ್ಲಿ ನಾನು ಸಲಹೆಗಾರ್ತಿಯಾದದ್ದು

ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಿಸ್ಟ್ರೆಸ್ ನನ್ನನ್ನು ಮುಂದಕ್ಕೆ ಕರೆದರು. “ಇವರು ಇನ್ನು ಮೇಲೆ ಭೂಗೋಳದ ಜೊತೆಗೆ ಬೇರೆ ಒಂದು ಕೆಲಸವನ್ನೂ ಮಾಡುತ್ತಾರೆ. ಅದೇನು ಅಂತ ಅವರೇ ಹೇಳುತ್ತಾರೆ, ಕೇಳಿ” ಎಂದು ಪಕ್ಕಕ್ಕೆ ಸರಿದರು. ಅದೇನೆಂದು ಅವರಿಗೂ ಪೂರ್ತಿ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ.

ಅದು ಎರಡನೆಯ ಮಹಾಯುದ್ಧದ ಕಾಲ. ಹುಣಸೂರಿನ ಆ ಹೆಣ್ಣುಮಕ್ಕಳ ಮಿಡ್ಲ್‌ಸ್ಕೂಲಿಗೆ ನಾನು ಬಂದು ವರ್ಷವಾಗಿತ್ತು. ಮೈಸೂರಿನಲ್ಲಿ ಬಿ.ಎ. ಓದುವಾಗ ಮನಶ್ಶಾಸ್ತ್ರವನ್ನೂ ಓದಿದ್ದೆ ಎಂಬ ಸಂಗತಿ ಹೇಗೋ ಶಾಲೆಗಳ ಇನ್‌ಸ್ಪೆಕ್ಟ್ರೆಸ್ ಅವರ ಕಿವಿಗೆ ಬಿದ್ದಿತ್ತು. ಮಕ್ಕಳು ತಮ್ಮ ಕಷ್ಟಸುಖ ಹೇಳಿಕೊಳ್ಳುವುದಕ್ಕೆಂದೇ ಶಾಲೆಯಲ್ಲಿ ಒಬ್ಬರಿರಬೇಕು, ಹೊರದೇಶಗಳಲ್ಲಿ ಹಾಗೆ ಇದ್ದಾರೆ ಎಂದು ಅವರು ಎಲ್ಲೋ ಓದಿದ್ದರಂತೆ. ನಮ್ಮ ಶಾಲೆಯಲ್ಲಿ ಒಂದು ವರ್ಷ ನಡೆಸಿ ನೋಡಿ ಎಂದು ಅಪ್ಪಣೆ ಬಂತು. ಹುದ್ದೆಯ ಹೆಸರು ‘ವಿದ್ಯಾರ್ಥಿನೀ ಸಲಹೆಗಾರ್ತಿ’.

ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿಕೊಂಡು ಬಂದಿದ್ದ ಭಾಷಣವನ್ನು ಒಪ್ಪಿಸಿದೆ. ಮನೋವಿಕಾಸ, ಅಂತರಂಗದ ಸಮಸ್ಯೆ, ಮಾರ್ಗದರ್ಶನ ಎಂಬ ಮಾತುಗಳೆಲ್ಲ ಅದರಲ್ಲಿದ್ದವು. ಹುಡುಗಿಯರು ಕೈಕಟ್ಟಿಕೊಂಡು ನಿಂತಿದ್ದರು. ಮುಗಿದ ಮೇಲೆ ಎರಡನೆಯ ಸಾಲಿನ ಒಂದು ಪುಟ್ಟ ಹುಡುಗಿ ಕೈಯೆತ್ತಿದಳು.

“ತಪ್ಪು ಮಾಡಿದೋರು ಬರ್ಬೇಕಾ ಮೇಡಂ?”

“ಇಲ್ಲಮ್ಮ, ಯಾರು ಬೇಕಾದರೂ ಬರಬಹುದು.”

“ತಪ್ಪು ಮಾಡ್ದೆ ಇದ್ರೆ ಯಾಕೆ ಬರ್ಬೇಕು?”

ಗಂಟೆ ಹೊಡೆದದ್ದರಿಂದ ನನ್ನ ಮಾನ ಉಳಿಯಿತು.

ನನಗೆ ಕೊಟ್ಟದ್ದು ನಕಾಶೆಗಳನ್ನು ಇಡುತ್ತಿದ್ದ ಕೋಣೆ. ಮುರಿದ ಬೆಂಚುಗಳನ್ನು ಹೊರಗೆ ಹಾಕಿಸಿ, ಗೋಡೆಗೆ ಸುಣ್ಣ ಬಳಿಸಿ, ಒಂದು ಮೇಜು, ಎದುರುಬದುರಾಗಿ ಎರಡು ಕುರ್ಚಿ ಹಾಕಿಸಿದೆ. ಮಧ್ಯಾಹ್ನದ ಬಿಡುವಿನಲ್ಲಿ ಬಾಗಿಲು ತೆರೆದು ಕಾಯುತ್ತಿದ್ದೆ. ಯಾರೂ ಬರಲಿಲ್ಲ. ಹುಡುಗಿಯರು ಆ ಬಾಗಿಲ ಮುಂದೆ ಹಾಯುವಾಗ ಹೆಜ್ಜೆ ಚುರುಕು ಮಾಡುತ್ತಿದ್ದರು.

ಕೊನೆಗೂ ಒಬ್ಬಳು ಬಂದಳು. ಬಂದಳು ಎನ್ನುವುದಕ್ಕಿಂತ ಹೊಲಿಗೆಯ ಟೀಚರು ಅವಳ ರಟ್ಟೆ ಹಿಡಿದು ತಂದು ನಿಲ್ಲಿಸಿದರು. “ಕ್ಲಾಸಿನಲ್ಲಿ ಬಾಯಿ ಮುಚ್ಚಲ್ಲ ಇವಳು. ನೀವೇ ಸ್ವಲ್ಪ ಬುದ್ಧಿ ಹೇಳಿ” ಎಂದರು. ಮರುದಿನ ಲೆಕ್ಕದವರು ಇಬ್ಬರನ್ನು ಕಳಿಸಿದರು. ಬಾಯಿಪಾಠ ಒಪ್ಪಿಸದವರು, ತಡವಾಗಿ ಬಂದವರು, ಜಡೆ ಎಳೆದವರು ಸಾಲಾಗಿ ಬರತೊಡಗಿದರು. ನಾನು ‘ಬುದ್ಧಿ ಹೇಳೋ ಮೇಡಮ್ಮೋರು’ ಆದೆ. ನಮ್ಮ ಕಡೆ ಬುದ್ಧಿ ಹೇಳುವುದೆಂದರೆ ಬೈಯುವುದು. ಕೋಣೆಗೆ ‘ಬುದ್ಧಿ ರೂಮು’ ಎಂದು ಹೆಸರಾಯಿತು.

ಆ ಹೆಸರು ಪೇಟೆಯನ್ನೂ ಮುಟ್ಟಿತು. ಸಂತೆಯಲ್ಲಿ ಒಬ್ಬ ತಾಯಿ ನನ್ನ ಕೈ ಹಿಡಿದುಕೊಂಡು, “ನಮ್ಮುಡ್ಗೀನ ಆ ರೂಮಿಗೆ ಕರೀಬ್ಯಾಡಿ ಅಮ್ಮೋರೆ. ಎಚ್.ಡಿ. ಕೋಟೆಯಿಂದ ಗಂಡಿನ ಕಡೆಯೋರು ಬರೋರವ್ರೆ. ಇವಳಿಗೆ ಏನೋ ಐಬು ಅದೆ ಅಂತ ಅನ್ಕೊಂಡ್ರೆ ನಾವೇನು ಮಾಡಾನ?” ಎಂದು ಬೇಡಿಕೊಂಡಳು. ನಾನು ಕೊಂಡ ಬದನೆಕಾಯಿಯನ್ನು ಚೀಲಕ್ಕೆ ಹಾಕಿಕೊಳ್ಳುವುದನ್ನೂ ಮರೆತು ಮನೆಗೆ ಬಂದೆ.

ಮೊದಲು ಸರಿಪಡಿಸಬೇಕಾದದ್ದು ನಮ್ಮ ಉಪಾಧ್ಯಾಯರನ್ನೇ ಎಂದು ತೋರಿತು. ಶನಿವಾರ ಎಲ್ಲರೂ ಸೇರಿದಾಗ ಮೂರು ಮಾತು ಹೇಳಿದೆ. ಶಿಕ್ಷೆಗೆಂದು ಯಾರನ್ನೂ ನನ್ನಲ್ಲಿಗೆ ಕಳಿಸಬಾರದು. ಹುಡುಗಿ ತಾನಾಗಿ ಬರಬೇಕು. ಅಲ್ಲಿ ಆಡಿದ ಮಾತು, ಆಡಿದವರು ಒಪ್ಪಿದ ಹೊರತು, ಆಚೆ ಹೋಗಬಾರದು.

ಕನ್ನಡ ಪಂಡಿತರು ಶಾಲೆಗೆಲ್ಲ ಹಿರಿಯರು. ಕೆ.ಆರ್. ನಗರದ ಕಡೆಯ ಹೊಸ ಅಗ್ರಹಾರದವರು, ಜರಿ ಪೇಟ ಸುತ್ತಿ ಬರುತ್ತಿದ್ದರು. ಅವರು ಸಾವಕಾಶವಾಗಿ ಕೇಳಿದರು: “ಅಲ್ಲ ತಾಯಿ, ಇಷ್ಟು ವರ್ಷ ನಾವೆಲ್ಲ ಮಾಡಿದ್ದೇನು? ಮಕ್ಕಳಿಗೆ ಸಲಹೆ ಕೊಟ್ಟಿಲ್ಲವೆ?”

“ಕೊಟ್ಟಿದ್ದೀರಿ ಪಂಡಿತರೆ. ನಾನು ಕೊಡುವುದಕ್ಕಿಂತ ಹೆಚ್ಚು ಕೇಳಿಸಿಕೊಳ್ಳುತ್ತೇನೆ.”

“ಕೇಳಿಸಿಕೊಂಡು?”

“ಕೇಳಿಸಿಕೊಂಡ ಮೇಲೆ ಏನು ಮಾಡಬೇಕು ಅಂತ ಅವರನ್ನೇ ಕೇಳುತ್ತೇನೆ.”

ಪಂಡಿತರು ಅಂಗವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಅವರು ಇತ್ತೀಚೆಗೆ ಮಾತನಾಡುವಾಗಲೂ ನಗುವಾಗಲೂ ಅಂಗವಸ್ತ್ರ ಅಡ್ಡ ಹಿಡಿಯುತ್ತಿದ್ದುದನ್ನು ನಾನು ನೋಡಿದ್ದೆ. ಯಾಕೆಂದು ಯೋಚಿಸಿರಲಿಲ್ಲ.

ಆಮೇಲೆ ಒಂದೊಂದು ತರಗತಿಗೂ ಹೋದೆ. ಈ ಸಲ ಭಾಷಣ ಮಾಡಲಿಲ್ಲ. “ಆ ಕೋಣೆಯಲ್ಲಿ ಏನು ನಡೆಯುತ್ತದೆ ಅಂದುಕೊಂಡಿದ್ದೀರಿ? ಹೇಳಿ” ಎಂದೆ. ನಕಾಶೆಯ ಕೋಲಿನಲ್ಲಿ ಹೊಡೆಯುತ್ತಾರೆ ಎಂದಳು ಒಬ್ಬಳು. ಮೈಸೂರಿನಿಂದ ಡಾಕ್ಟರು ಬಂದು ತಲೆಗೆ ಸೂಜಿ ಚುಚ್ಚುತ್ತಾರೆ ಎಂದಳು ಮತ್ತೊಬ್ಬಳು. ಓದು ಬಾರದವರನ್ನು ಬೇಗ ಮದುವೆ ಮಾಡಿಸುತ್ತಾರೆ ಎಂದು ಹಿಂದಿನ ಬೆಂಚಿನಿಂದ ಬಂತು. ಎಲ್ಲರೂ ನಕ್ಕರು, ನಾನೂ ನಕ್ಕೆ. “ಇದು ಯಾವುದೂ ಇಲ್ಲ. ಅಲ್ಲಿ ಹರಿದ ನಕಾಶೆಗಳಿವೆ. ಅಂಟು ಹಾಕಿ ಸರಿಮಾಡಬೇಕು. ಕೈ ಖಾಲಿ ಇದ್ದವರು ಬನ್ನಿ. ಮಾತಾಡಬೇಕು ಅನ್ನಿಸಿದರೆ ಮಾತಾಡಿ, ಇಲ್ಲದಿದ್ದರೆ ಬೇಡ” ಎಂದೆ.

ಇದು ಯಾವ ಪುಸ್ತಕದಲ್ಲೂ ಇದ್ದ ವಿಧಾನವಲ್ಲ. ನಕಾಶೆಗಳು ನಿಜವಾಗಿ ಹರಿದಿದ್ದವು, ಯುದ್ಧದ ದೆಸೆಯಿಂದ ಹೊಸವು ಬರುತ್ತಿರಲಿಲ್ಲ. ಆದರೆ ಕೈಗೆ ಕೆಲಸ ಸಿಕ್ಕಿದರೆ ಬಾಯಿ ಸಡಿಲವಾಗುತ್ತದೆ ಎಂಬುದನ್ನು ಮೊದಲ ವಾರದಲ್ಲೇ ಕಂಡುಕೊಂಡೆ. ಮೇಜನ್ನು ಗೋಡೆಗೆ ತಳ್ಳಿ ಚಾಪೆ ಹಾಸಿದೆ. ಎದುರಿಗೆ ಕೂರುವುದನ್ನು ಬಿಟ್ಟು ಪಕ್ಕದಲ್ಲಿ ಕೂರತೊಡಗಿದೆ. ಗಂಜಿಯ ಅಂಟನ್ನು ಬಟ್ಟೆಗೆ ಸವರಿ ಸಿಂಧೂ ನದಿಯ ಬಾಯಿಯನ್ನು ಒಬ್ಬಳು ಜೋಡಿಸುತ್ತಿದ್ದರೆ, ಇನ್ನೊಬ್ಬಳು ಮನೆಯಲ್ಲಿ ತಮ್ಮನಿಗೆ ಮಾತ್ರ ಹಾಲು ಕೊಡುವ ಕತೆ ಹೇಳುತ್ತಿದ್ದಳು. ‘ಯಾಕೆ’ ಎಂದು ಕೇಳುವುದನ್ನೂ ಬಿಟ್ಟೆ. ‘ಯಾಕೆ ಹಾಗೆ ಮಾಡಿದೆ’ ಎಂದರೆ ಮಕ್ಕಳಿಗೆ ಅದು ಬೈಗುಳವಾಗಿಯೇ ಕೇಳಿಸುತ್ತದೆ. ‘ಆಗ ಹೇಗಾಯಿತು’ ಎಂದು ಕೇಳುತ್ತಿದ್ದೆ. ಅದಕ್ಕೆ ಉತ್ತರ ಬರುತ್ತಿತ್ತು. ದಿನ ಕಳೆದಂತೆ ಬುದ್ಧಿ ರೂಮು ‘ಅಂಟು ರೂಮು’ ಆಯಿತು. ನನಗೆ ಈ ಹೆಸರಿನಿಂದ ಬಹಳ ಸಂತೋಷವಾಯಿತು.

ಅಷ್ಟರಲ್ಲಿ ಆ ನಗುವ ಹುಡುಗಿಯ ಪ್ರಕರಣ ಎದ್ದಿತು.

ಅವಳು ಬೆಲ್ಲದ ಮಂಡಿಯವರ ಮಗಳು. ಮಿರ್ಲೆಯ ಕಡೆಯಿಂದ ಗಾಡಿಗಟ್ಟಲೆ ಬೆಲ್ಲ ತರಿಸಿ ವ್ಯಾಪಾರ ಮಾಡುವ, ಮೂರು ಬೆರಳ ವಿಭೂತಿಯ ಗಂಭೀರ ಮನೆತನ. ಹುಡುಗಿ ಮಿಡ್ಲ್‌ಸ್ಕೂಲಿನ ಕೊನೆಯ ತರಗತಿ, ಓದಿನಲ್ಲಿ ಮುಂದು. ಆದರೆ ನಗಬಾರದ ಹೊತ್ತಿನಲ್ಲಿ ನಗುತ್ತಿದ್ದಳು. ಪ್ರಾರ್ಥನೆಯ ನಡುವೆ, ಹೆಡ್‌ಮಿಸ್ಟ್ರೆಸ್ ಗದರಿಸುವಾಗ, ಎಲ್ಲಕ್ಕಿಂತ ಹೆಚ್ಚಾಗಿ ಪಂಡಿತರ ತರಗತಿಯಲ್ಲಿ. ಪಂಡಿತರು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದರು. ನಿಂತಲ್ಲೇ ನಕ್ಕಳು. ಹೊರಗೆ ನಿಲ್ಲಿಸಿದರು, ಹೊರಗೂ ನಗು ಕೇಳಿಸಿತು. “ಇಷ್ಟು ವರ್ಷದ ಸೇವೆಯಲ್ಲಿ ಇಂಥ ಅವಮಾನ ಆಗಿರಲಿಲ್ಲ. ಆ ಹುಡುಗಿ ಇರುವ ತರಗತಿಗೆ ನಾನು ಹೋಗುವುದಿಲ್ಲ” ಎಂದು ಅವರು ಹೆಡ್‌ಮಿಸ್ಟ್ರೆಸ್ ಹತ್ತಿರ ಹೇಳಿಬಿಟ್ಟರು. ಇನ್‌ಸ್ಪೆಕ್ಟ್ರೆಸ್ ತಪಾಸಣೆಗೆ ಬರುವ ದಿನ ಹತ್ತಿರವಾಗಿತ್ತು.

ಹುಡುಗಿ ತಾನಾಗಿಯೇ ಅಂಟು ರೂಮಿಗೆ ಬಂದಳು. ಬಂದವಳು ಆಫ್ರಿಕದ ನಕಾಶೆಯ ಒಂದು ಅಂಚನ್ನು ಹಿಡಿದು ಕುಳಿತಳು. ಮುಂದೆ ಅವಳು ಹೇಳಿದ್ದನ್ನು ನಾನಿಲ್ಲಿ ಬರೆಯುವ ಮೊದಲು ಅವಳನ್ನು ಕೇಳಿದ್ದೇನೆ. ಅವಳೀಗ ಪಿರಿಯಾಪಟ್ಟಣದಲ್ಲಿ ಮೂರು ಮಕ್ಕಳ ತಾಯಿ. “ಹೆಸರು ಬ್ಯಾಡ ಮೇಡಂ. ಮಿಕ್ಕಿದ್ದೆಲ್ಲ ಬರೀರಿ” ಎಂದಿದ್ದಾಳೆ.

“ನಾನು ನಗಾಕಿಲ್ಲ ಮೇಡಂ. ಅದೇ ಬತ್ತದೆ.”

“ಬರುವಾಗ ಹೇಗಾಗುತ್ತದೆ?”

“ಎದೆ ಹೊಡ್ಕೊತದೆ. ಕೈ ತಣ್ಣಗಾಯ್ತದೆ. ಎಲ್ಲಿ ನಕ್ಕುಬುಡ್ತೀನೋ ಅಂತ ಎದ್ರಿಕೆ ಆಯ್ತದೆ. ಎದ್ರಿಕೆ ಆದೇಟ್ಗೆ ನಗು ಬತ್ತದೆ.”

ನಾನು ಅಂಟು ಸವರುತ್ತಾ ಕುಳಿತೆ. ಅವಳು ಮುಂದುವರಿಸಿದಳು. ಅವಳ ತಾಯಿ ಜ್ವರದಲ್ಲಿ ತೀರಿಕೊಂಡಿದ್ದರು. ಅವರ ಪದ್ಧತಿಯಂತೆ ದೇಹವನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವು ಮುಡಿಸಿದ್ದರು. ಮನೆ ತುಂಬ ಜನ. ಎಲ್ಲರೂ ಅಳುತ್ತಿದ್ದರು. ಇವಳು ತಾಯಿಯ ಮುಖ ನೋಡಿದಳು, ನಗು ಬಂದುಬಿಟ್ಟಿತು. ಜೋರಾಗಿಯೇ ನಕ್ಕಳು. ಸೋದರತ್ತೆ ತೋಳು ಚಿವುಟಿ ಹಿತ್ತಲಿಗೆ ಎಳೆದೊಯ್ದು, “ತಾಯಿ ಸತ್ರೆ ನಗೋ ಮಗ ಕಣೆ ಇದು” ಎಂದಿದ್ದರು.

“ಅವತ್ತಿಂದ ಇಂಗೆ. ಯಾರ್ಗೂ ಏಳ್ಬ್ಯಾಡಿ ಮೇಡಂ. ನಮ್ಮಜ್ಜೀಗಂತೂ ಏಳ್ಲೇಬ್ಯಾಡಿ. ಅವರ ಮಗಳಲ್ವಾ ನಮ್ಮವ್ವ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹೆದರಿಕೆಗೆ ಕೆಲವರು ಅಳುತ್ತಾರೆ, ಕೆಲವರಿಗೆ ಮಾತು ನಿಲ್ಲುತ್ತದೆ, ಕೆಲವರಿಗೆ ನಗು ಬರುತ್ತದೆ; ಇದು ನನ್ನ ಪಾಠದ ಪುಸ್ತಕದಲ್ಲೇ ಇತ್ತು ಎಂದೂ ಹೇಳಿದೆ. ಅವಳು ನಂಬಲಿಲ್ಲ. “ಪುಸ್ತಕದಲ್ಲಿ ಬರ್ದವ್ರಾ?” ಎಂದು ಕೇಳಿದಳು. ಬರೆದಿದ್ದಾರೆ ಎಂದೆ. ಹೋಗುವಾಗ ಅವಳ ನಡಿಗೆ ಸ್ವಲ್ಪ ಹಗುರವಾಗಿದ್ದಂತೆ ಕಂಡಿತು.

ಅದಾದ ಎರಡು ದಿನಕ್ಕೆ ಸಂಜೆ ಶಾಲೆ ಬಿಟ್ಟ ಮೇಲೆ, ನಾನು ಅಂಟಿನ ಪಾತ್ರೆ ತೊಳೆಯುತ್ತಿದ್ದಾಗ, ಬಾಗಿಲಲ್ಲಿ ಜರಿ ಪೇಟ ಕಾಣಿಸಿತು. ಪಂಡಿತರು ಅತ್ತಿತ್ತ ನೋಡಿ ಒಳಗೆ ಬಂದರು.

“ಇಲ್ಲಿ ಆಡಿದ್ದು ಆಚೆ ಹೋಗುವುದಿಲ್ಲ ಅಂದಿರಲ್ಲ ತಾಯಿ, ಅದು ಮಕ್ಕಳಿಗೆ ಮಾತ್ರವೋ?”

“ಯಾರಿಗಾದರೂ ಅಷ್ಟೆ.”

ಅವರು ಚಾಪೆಯನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಕೊನೆಗೆ ಚಾಪೆಯ ಮೇಲೆಯೇ ಕುಳಿತರು. ಅಂಗವಸ್ತ್ರ ತೆಗೆದು ಬಾಯಿ ತೋರಿಸಿದರು. ಮುಂದಿನ ಎರಡು ಹಲ್ಲು ಇರಲಿಲ್ಲ.

“ಉಗಾದಿಯಲ್ಲಿ ಒಬ್ಬಟ್ಟು ತಿನ್ನುವಾಗ ಬಿದ್ದವು. ಒಬ್ಬಟ್ಟು, ತಾಯಿ. ಕೋಡುಬಳೆ ತಿಂದು ಬಿದ್ದಿದ್ದರೆ ಒಂದು ಗೌರವ ಇರುತ್ತಿತ್ತು. ಅಂದಿನಿಂದ ಸಕಾರ, ಶಕಾರ, ಷಕಾರ ಮೂರೂ ಒಂದೇ ಆಗಿವೆ, ಬರೀ ಸಿಳ್ಳು. ವಿಭಕ್ತಿ ಪಾಠ ಮಾಡಬೇಕು. ಪ್ರಥಮಾ, ದ್ವಿತೀಯಾ, ಪಂಚಮಿಯವರೆಗೆ ಹೇಗೋ ನಡೆಯುತ್ತದೆ. ಆಮೇಲೆ ಷಷ್ಠಿ ಬರುತ್ತದಲ್ಲ. ಒಂದು ದಿನ ಹೇಳಿದೆ, ಬುಗರಿ ತಿರುಗಿದ ಹಾಗೆ ಶಬ್ದ ಬಂತು. ಆ ಮಂಡಿಯವರ ಹುಡುಗಿ ಪಕ್ಕನೆ ನಕ್ಕಳು. ಅಂದಿನಿಂದ ನಾನು ಪಂಚಮಿಯಿಂದ ಸಪ್ತಮಿಗೆ ಹಾರುತ್ತಿದ್ದೇನೆ. ಸಪ್ತಮಿಯ ಒಂದು ಸಕಾರವನ್ನು ಹೇಗೋ ಮೆಲ್ಲಗೆ ದಾಟಿಸಬಹುದು, ಷಷ್ಠಿಯನ್ನಲ್ಲ. ಮೂವತ್ತು ವರ್ಷ ವ್ಯಾಕರಣ ಹೇಳಿದವನು ಒಂದು ವಿಭಕ್ತಿಯನ್ನೇ ಬಿಟ್ಟು ಪಾಠ ಮಾಡುತ್ತಿದ್ದೇನೆ. ಇನ್‌ಸ್ಪೆಕ್ಟ್ರೆಸ್ ಮುಂದೆ ಏನು ಗತಿ?”

ನಗುವಂತಿರಲಿಲ್ಲ. ಪಂಡಿತರ ಕಣ್ಣು ಒದ್ದೆಯಾಗಿತ್ತು.

ಅಂದು ಮನೆಗೆ ನಡೆದು ಹೋಗುವಾಗ ನನ್ನ ಪರಿಸ್ಥಿತಿ ನನಗೇ ವಿಚಿತ್ರವಾಗಿ ಕಂಡಿತು. ಆ ಹುಡುಗಿ ನಗುವುದು ನಿಮ್ಮ ಹಲ್ಲಿಗಲ್ಲ ಎಂದು ಪಂಡಿತರಿಗೆ ಒಂದು ಮಾತು ಹೇಳಿದ್ದರೆ ಅವರು ಹಗುರಾಗುತ್ತಿದ್ದರು. ಪಂಡಿತರು ನಿನಗಿಂತ ಹೆಚ್ಚು ಹೆದರಿದ್ದಾರೆ ಎಂದು ಹುಡುಗಿಗೆ ಒಂದು ಮಾತು ಹೇಳಿದ್ದರೆ ಅವಳು ಹಗುರಾಗುತ್ತಿದ್ದಳು. ಎರಡು ಬೀಗಕ್ಕೂ ಕೀಲಿಕೈ ನನ್ನ ಸೆರಗಿನಲ್ಲಿತ್ತು, ತೆಗೆಯುವಂತಿರಲಿಲ್ಲ. ಮರುದಿನ ಹುಡುಗಿಯನ್ನು ಕರೆದು, “ಪಂಡಿತರಿಗೆ ನೀನೇ ಹೇಳುತ್ತೀಯಾ?” ಎಂದು ಕೇಳಿದೆ. ಅಯ್ಯೋ ಬ್ಯಾಡ ಎಂದಳು. ಪಂಡಿತರನ್ನು, “ಹುಡುಗಿಯ ಜೊತೆ ಒಂದು ಸಲ ಮಾತಾಡಿ ನೋಡಿ” ಎಂದೆ. “ಮೊಮ್ಮಗಳ ವಯಸ್ಸಿನವಳ ಮುಂದೆ ನನ್ನ ಹಲ್ಲಿನ ಪುರಾಣ ಹೇಳಲೆ?” ಎಂದು ಎದ್ದುಹೋದರು.

ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆಸಿದರು. ಅವರು ಕೆಟ್ಟವರಲ್ಲ. ಶಾಲೆಯನ್ನು ಮನೆಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಿದ್ದರು.

“ಆ ಹುಡುಗಿ ನಿಮ್ಮ ಹತ್ತಿರ ಬಂದು ಮಾತಾಡಿದ್ದಾಳೆ. ಯಾಕೆ ನಗುತ್ತಾಳೆ?”

“ಹೇಳುವ ಹಾಗಿಲ್ಲ ಮೇಡಂ.”

“ನಾನು ಶಾಲೆಯ ಮುಖ್ಯಸ್ಥೆ.”

“ಹೌದು. ಕಾರಣವಿದೆ, ಅದು ಕೊಬ್ಬಲ್ಲ ಎಂದಷ್ಟೇ ಹೇಳಬಲ್ಲೆ.”

“ಕಾರಣ ತಿಳಿದರೆ ಪಂಡಿತರಿಗೆ ನಾನೇ ಸಮಾಧಾನ ಹೇಳುತ್ತೇನೆ. ತಿಳಿಯದಿದ್ದರೆ ಅವಳ ಹೆಸರು ತೆಗೆಯಬೇಕಾಗುತ್ತದೆ. ಅವಳ ಒಳ್ಳೆಯದಕ್ಕೇ ಕೇಳುತ್ತಿದ್ದೇನೆ.”

ಇದೇ ಕಷ್ಟದ ಮಾತು. ಅವಳ ಒಳ್ಳೆಯದು ನನ್ನ ಒಂದು ವಾಕ್ಯದಲ್ಲಿತ್ತು. ಹೇಳಿದ್ದರೆ ಹೆಡ್‌ಮಿಸ್ಟ್ರೆಸ್ ಮರುಗುತ್ತಿದ್ದರು, ಪಂಡಿತರೂ ಮರುಗುತ್ತಿದ್ದರು, ಇಡೀ ಸ್ಟಾಫ್ ರೂಮು ಅವಳನ್ನು ‘ಪಾಪ’ ಎಂದು ನೋಡುತ್ತಿತ್ತು. ಅವಳು ಕೇಳಿದ್ದು ಅದನ್ನಲ್ಲ. ಕಿಟಕಿಯ ಹೊರಗೆ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ನಾನು ನಿಶ್ಚಯಿಸಿದೆ.

“ಒಬ್ಬಳ ಮಾತನ್ನು ಅವಳ ಒಳ್ಳೆಯದಕ್ಕೆಂದು ಆಚೆ ಹಾಕಿದೆನೆಂದು ತಿಳಿದರೆ ನಾಳೆಯಿಂದ ಆ ಕೋಣೆಯಲ್ಲಿ ಉಳಿಯುವುದು ಅಂಟು ಮಾತ್ರ. ಹೆಸರು ತೆಗೆಯುವುದಾದರೆ ಈ ಕೆಲಸದಿಂದ ನನ್ನನ್ನೂ ತೆಗೆದುಬಿಡಿ. ಭೂಗೋಳ ಹೇಳಿಕೊಂಡಿರುತ್ತೇನೆ.”

“ತಪಾಸಣೆಯವರೆಗೆ ನೋಡೋಣ” ಎಂದರು. ಅವರ ದನಿಯಲ್ಲಿ ಕೋಪವಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಇಷ್ಟರ ನಡುವೆ ತಾಯಂದಿರ ಸಭೆ ಕರೆದಿದ್ದೆ. ಶಾಲೆಯಲ್ಲಿ ಕರೆದಾಗ ಬಂದವರು ಬೆರಳೆಣಿಕೆಯಷ್ಟು. ಗಾಡಿ ಕಾರ್ಖಾನೆಯ ಸಾಹೇಬರ ಹೆಂಡತಿ ಬೀಬಿಯವರು ತಮ್ಮ ಮನೆಗೆ ಬರುವಂತೆ ಮಗಳ ಕೈಲಿ ಹೇಳಿಕಳಿಸಿದರು. ಈ ಮಗಳು ನಗುವ ಹುಡುಗಿಯ ಜೀವದ ಗೆಳತಿ. ನಾನು ಅವರ ಮನೆಗೆ ಹೋದಾಗ ಬೀಬಿಯವರು, “ನಮ್ಮ ಹೆಂಗಸ್ರು ಸ್ಕೂಲಿಗೆ ಬರೋದು ಕಷ್ಟ ಅಮ್ಮೋರೆ. ಗಂಡಸ್ರು ಮೇಷ್ಟ್ರುಗಳು ಇರ್ತಾರೆ. ಇಲ್ಲೇ ನಮ್ಮ ಹಿತ್ಲಲ್ಲಿ ಮಾಡಿ. ಪರ್ದಾದೋರೂ ಬತ್ತಾರೆ, ನಿಮ್ಮೋರೂ ಬರ್ಲಿ. ಕರೆಯೋದು ನಂಗೆ ಬುಡಿ” ಎಂದರು.

ಬೀಬಿಯವರು ಕರೆದರೆ ಬಾರದಿರುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲವೆಂದು ತೋರುತ್ತದೆ. ಭಾನುವಾರ ಮಧ್ಯಾಹ್ನ ಅವರ ಹಿತ್ತಲು ತುಂಬಿತು. ಗೋಡೆಯ ಆಚೆ ಕಾರ್ಖಾನೆಯಲ್ಲಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುತ್ತಿದ್ದರು. ಕಾದ ಪಟ್ಟಿಗೆ ನೀರು ಹೊಯ್ದಾಗ ಚುಂಯ್ ಎಂಬ ಸದ್ದಿನ ಜೊತೆ ಬಿಳಿಯ ಹಬೆ ಗೋಡೆ ದಾಟಿ ಬರುತ್ತಿತ್ತು. ಕಾಫಿ ಕಾರ್ಖಾನೆಯಲ್ಲಿ ಬೀಜ ಆರಿಸುವ ಹೆಂಗಸರು ಬಂದಿದ್ದರು. ಬೆಲ್ಲದ ಮಂಡಿಯ ಅಜ್ಜಿಯೂ ಮೊಮ್ಮಗಳ ಹೆಗಲು ಹಿಡಿದು ಬಂದರು. ಮಗಳು ಹೋದ ಮೇಲೆ ಮೊಮ್ಮಗಳಿಗಾಗಿ ಅಳಿಯನ ಮನೆಯಲ್ಲೇ ನಿಂತವರು ಅವರು. ಕುಡಿಯಲು ತಮ್ಮ ಮನೆಯ ಚೊಂಬಿನಲ್ಲೇ ನೀರು ತಂದಿದ್ದರು. ಬೀಬಿಯವರು ಅದನ್ನು ಗಮನಿಸದವರಂತೆ ಒಂದು ಚಿಪ್ಪು ಬಾಳೆಹಣ್ಣು ತಂದು ಮುಂದಿಟ್ಟು, “ಸಿಪ್ಪೆ ಇರೋದಕ್ಕೆ ಮೈಲಿಗೆ ಇಲ್ಲ, ತಗಳಿ ಅಮ್ಮಾ” ಎಂದರು. ಅಜ್ಜಿ ನಕ್ಕು ಒಂದು ಹಣ್ಣು ಬಿಡಿಸಿದರು.

ನಾನು ನನ್ನ ಕೆಲಸವನ್ನು ಅವರ ಮಾತಿನಲ್ಲೇ ಹೇಳಲು ಪ್ರಯತ್ನಿಸಿದೆ. ತವರಿಗೆ ಹೋದಾಗ ಯಾರೋ ಒಬ್ಬರ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತೀರಲ್ಲ, ಅವರು ಅದನ್ನು ಗಂಡನ ಮನೆಗೆ ಮುಟ್ಟಿಸುವುದಿಲ್ಲವಲ್ಲ, ಶಾಲೆಯಲ್ಲಿ ಮಕ್ಕಳಿಗೆ ನಾನು ಹಾಗೆ ಎಂದೆ. ಕಾಫಿ ಬೀಜದ ಹೆಂಗಸೊಬ್ಬಳು, “ಅಂಗಾದ್ರೆ ನಮ್ಗೂ ಒಂದ್ ರೂಮು ಮಾಡ್ಸಿ ಅಮ್ಮೋರೆ” ಎಂದಳು. ನಗೆ ಎದ್ದಿತು. ಮಗಳು ಹೇಳಿದ್ದನ್ನು ತಾಯಿಗೂ ಹೇಳುವುದಿಲ್ಲವೇ ಎಂದು ಇನ್ನೊಬ್ಬಳು ಗಟ್ಟಿಸಿ ಕೇಳಿದಳು. ಪ್ರಾಣಕ್ಕೆ ಅಪಾಯ ಎನಿಸಿದರೆ ಮಾತ್ರ ಹೇಳುತ್ತೇನೆ, ಆಗಲೂ ಮಗಳಿಗೆ ತಿಳಿಸಿಯೇ ಹೇಳುತ್ತೇನೆ ಎಂದೆ. ಕೆಲವರಿಗೆ ಅದು ರುಚಿಸಲಿಲ್ಲ. ರುಚಿಸದ್ದನ್ನು ಮುಖದ ಮೇಲೆಯೇ ಹೇಳಿದರು. ಆದರೂ ಎದ್ದು ಹೋಗಲಿಲ್ಲ.

ಆಗ ಮಂಡಿಯ ಅಜ್ಜಿ ಬಾಯಿ ತೆರೆದರು. “ನಮ್ಮ ಮಗೀಗೆ ಏನೋ ಗಾಳಿ ಸೋಕದೆ ಕಣ್ರವ್ವಾ. ಸುಮ್‌ಸುಮ್ನೆ ನಗ್ತದೆ. ನಾಳೆ ಸೋಮವಾರ ತಾಯಿತ ಕಟ್ಸಾಕೆ ಕರ್ಕೊಂಡು ಓಯ್ತೀವಿ. ಸ್ಕೂಲು ಬುಡ್ಸಿ ಅಂತ ಅವರಪ್ಪ ಅಂತಾವ್ನೆ. ನಿಮ್ಮ ತಾವ ಬಂದಿತ್ತಂತಲ್ಲ, ಏನಂತು ಮಗ?”

ಎಲ್ಲರೂ ನನ್ನತ್ತ ತಿರುಗಿದರು. ಅದನ್ನು ಅವಳೇ ಹೇಳಬೇಕು ಎಂದೆ. ಬಾಗಿಲ ಬಳಿ ಗೆಳತಿಯ ಜೊತೆ ನಿಂತಿದ್ದ ಹುಡುಗಿಯನ್ನು ನಾನು ನೋಡಲೇ ಇಲ್ಲ, ನೋಡಿದರೆ ಒತ್ತಾಯಿಸಿದಂತೆ ಆಗುತ್ತಿತ್ತು.

ಅವಳು ತಾನಾಗಿಯೇ ನಡೆದು ಬಂದು ಅಜ್ಜಿಯ ಮುಂದೆ ಕುಕ್ಕರಿಸಿದಳು. ತುಟಿ ಆಗಲೇ ನಗುವಿಗೆ ಸೊಟ್ಟಗಾಗುತ್ತಿತ್ತು. ನಗುನಗುತ್ತಲೇ ಕಣ್ಣೀರು ಸುರಿಸುತ್ತಾ, “ಅವ್ವನ್ನ ಕೂರ್ಸಿದ್ದಾಗ ನಾನು ನಕ್ಕುಬುಟ್ಟೆ ಅಜ್ಜಿ” ಎಂದಳು.

ಅಜ್ಜಿ ಬಾಳೆಹಣ್ಣನ್ನು ಕೆಳಗಿಟ್ಟರು. ಹುಡುಗಿಯ ಗಲ್ಲವನ್ನು ಎರಡು ಕೈಯಲ್ಲೂ ಹಿಡಿದುಕೊಂಡರು.

“ನಾ ನೋಡ್ದೆ ಕಣವ್ವಾ. ಅವತ್ತೇ ನೋಡ್ದೆ. ಅಳೋಕೆ ಬರ್ನಿಲ್ಲ, ನಗು ಬಂತು ಮಗೀಗೆ ಅಂತ ನನ್ ಒಟ್ಟೆ ಉರೀತು. ನೀನು ಮರ್ತಿದ್ದೀಯೇನೋ, ಯಾಕೆ ನೆಪ್ಪು ಮಾಡ್ಲಿ ಅಂತ ನಾನು ಬಾಯಿ ಬುಡ್ನಿಲ್ಲ.”

“ನಂಗೆ ಬೈಯಾಕಿಲ್ವಾ?”

“ಯಾಕ್ ಬೈಯಾನೆ? ನಿಮ್ಮವ್ವಂಗೆ ನಿನ್ನ ನಗು ಅಂದ್ರೆ ಪ್ರಾಣ. ಕೊನೇ ಸಲ ಕೇಳುಸ್ಕೊಂಡು ಓದ್ಲು, ಬುಡು.”

ಗೋಡೆಯಾಚೆ ಮತ್ತೆ ಹಬೆ ಎದ್ದಿತು. ಬೀಬಿಯವರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಎಲ್ಲರಿಗೂ ಎಲೆಯಡಿಕೆ ಹಂಚಲು ಎದ್ದರು. ತಾಯಿತದ ಮಾತು ಮತ್ತೆ ಬರಲಿಲ್ಲ. ನಾನು ಅಲ್ಲಿ ಮಾಡಿದ್ದು ಸುಮ್ಮನಿದ್ದದ್ದು ಮಾತ್ರ. ಅಷ್ಟನ್ನು ಮಾಡಲು ನನಗೆ ಯಾವ ಭಾಷಣಕ್ಕಿಂತಲೂ ಹೆಚ್ಚು ಶ್ರಮವಾಗಿತ್ತು.

ಮರುದಿನ ಆ ಹುಡುಗಿ ಪಂಡಿತರನ್ನು ಹುಡುಕಿಕೊಂಡು ಹೋದಳು. ಯಾರೂ ಹೇಳಿರಲಿಲ್ಲ. ಬಿಡುವಿನಲ್ಲಿ ಖಾಲಿ ತರಗತಿಯಲ್ಲಿ ಇಬ್ಬರೂ ಇದ್ದರು, ಬಾಗಿಲು ಅರ್ಧ ತೆರೆದಿತ್ತು. ನಾನು ಮೊಗಸಾಲೆಯ ಕೊನೆಯಲ್ಲಿ ನಿಂತಿದ್ದೆ. ಮಾತು ಕೇಳಿಸುತ್ತಿರಲಿಲ್ಲ. ಮೊದಲು ಬಹಳ ಹೊತ್ತು ಹುಡುಗಿಯ ಸಣ್ಣ ದನಿ. ಆಮೇಲೆ ಪಂಡಿತರ ದನಿ, ನಡುನಡುವೆ ಸಿಳ್ಳು. ಆಮೇಲೆ ಇಬ್ಬರ ನಗು. ಪಂಡಿತರು ಹಾಗೆ ಬಾಯಿ ತೆರೆದು ನಕ್ಕದ್ದನ್ನು ನಾನು ಉಗಾದಿಯಿಂದೀಚೆಗೆ ಕೇಳಿರಲಿಲ್ಲ. ಅಂದೇ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವರು ಅಂಗವಸ್ತ್ರ ಸರಿಸಿ, ಒಬ್ಬಟ್ಟಿನ ಕತೆಯನ್ನು ಎಲ್ಲರಿಗೂ ಅಭಿನಯಸಹಿತ ಹೇಳಿದರು. ಹುಡುಗಿಯ ಕತೆಯಲ್ಲಿ ಒಂದಕ್ಷರವನ್ನೂ ಹೇಳಲಿಲ್ಲ. ಹೊಲಿಗೆಯ ಟೀಚರು ಕೆದಕಿ ಕೇಳಿದರು. “ಅದು ಅವಳ ಸೊತ್ತಮ್ಮ” ಎಂದು ಪಂಡಿತರು ನಶ್ಯದ ಡಬ್ಬಿ ತೆಗೆದರು.

ಇನ್‌ಸ್ಪೆಕ್ಟ್ರೆಸ್ ಬಂದರು. ಮೊದಲು ಅಂಟು ರೂಮನ್ನು ನೋಡಿ, ಚಾಪೆಯ ಬಗ್ಗೆ ಕೇಳಿ, ಜೋಡಿಸಿದ ಏಷ್ಯಾ ಖಂಡವನ್ನು ಬೆಳಕಿಗೆ ಹಿಡಿದು ನೋಡಿದರು. ನಂತರ ಪಂಡಿತರ ತರಗತಿ. ಹೆಡ್‌ಮಿಸ್ಟ್ರೆಸ್ ಮತ್ತು ನಾನು ಹಿಂದೆ ನಿಂತೆವು. ಮಂಡಿಯವರ ಹುಡುಗಿ ಎರಡನೆಯ ಬೆಂಚಿನಲ್ಲಿದ್ದಳು. ಆ ದಿನ ಅವಳನ್ನು ಮನೆಯಲ್ಲೇ ಇರಲು ಹೇಳೋಣವೇ ಎಂದು ಹೆಡ್‌ಮಿಸ್ಟ್ರೆಸ್ ಕೇಳಿದ್ದರು. ಬೇಡ, ಇರಲಿ ಎಂದವರು ಪಂಡಿತರೇ.

ವಿಭಕ್ತಿಗಳ ಪಾಠ. ಪಂಡಿತರು ಒಂದೊಂದೇ ಹೇಳಿಸುತ್ತಾ ಪಂಚಮಿಗೆ ಬಂದರು. ನಿಂತರು. ಅಂಗವಸ್ತ್ರವನ್ನು ಹೆಗಲ ಮೇಲೆ ಸರಿಯಾಗಿ ಹಾಕಿಕೊಂಡರು. ಆ ಹುಡುಗಿಯ ಕಡೆ ನೋಡಿ, ಎದೆ ಸೆಟೆಸಿ, ಪೂರ್ತಿ ಉಸಿರು ಹಾಕಿ “ಷಷ್ಠೀ” ಎಂದರು.

ಅಂಥ ಸಿಳ್ಳನ್ನು ಹುಣಸೂರಿನ ಬಸ್ ಕಂಡಕ್ಟರುಗಳೂ ಹಾಕಿರಲಾರರು. ಹುಡುಗಿಗೆ ನಗು ಬಂತು. ಪಂಡಿತರಿಗೂ ಬಂತು. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡಿತು. ಹೆಡ್‌ಮಿಸ್ಟ್ರೆಸ್ ನನ್ನ ಕೈಯನ್ನು ಬಿಗಿಯಾಗಿ ಹಿಡಿದರು. ನೋಡಿದರೆ ಅವರ ಭುಜವೂ ಕುಲುಕುತ್ತಿತ್ತು. ಇನ್‌ಸ್ಪೆಕ್ಟ್ರೆಸ್ ಎಲ್ಲರನ್ನೂ ನೋಡಿ ಕಾರಣ ತಿಳಿಯದೆ ತಾವೂ ನಗಲಾರಂಭಿಸಿ, “ಏನು ಪಂಡಿತರೆ ಇದು?” ಎಂದರು.

“ಕ್ಷಮಿಸಬೇಕು ತಾಯಿ. ಇದು ನಮ್ಮ ತರಗತಿಯ ಒಳಗಿನ ವಿಷಯ, ಆಚೆ ಹೇಳುವ ಹಾಗಿಲ್ಲ” ಎಂದು ಪಂಡಿತರು ಕಣ್ಣೊರೆಸಿಕೊಂಡು, ಷಷ್ಠೀ ವಿಭಕ್ತಿಗೆ ಉದಾಹರಣೆ ಕೇಳಿದರು. ಹದಿನೈದು ಕೈ ಮೇಲೆದ್ದವು.

ಹೋಗುವಾಗ ಇನ್‌ಸ್ಪೆಕ್ಟ್ರೆಸ್ ನನ್ನ ಕೆಲಸದ ಬಗ್ಗೆ ಹೆಚ್ಚು ಕೇಳಲಿಲ್ಲ. ಮುಂದಿನ ವರ್ಷವೂ ನಡೆಸಿ ಎಂದರು. ಹೆಡ್‌ಮಿಸ್ಟ್ರೆಸ್ ಅವರೇ, “ಕೋಣೆ ಚಿಕ್ಕದಾಯಿತು, ಪಕ್ಕದ್ದನ್ನೂ ಸೇರಿಸಿಕೊಡಬೇಕು” ಎಂದು ಬಾಯಿ ಹಾಕಿದರು.

ಸಂಜೆ ಆ ಹುಡುಗಿಯೂ ಅವಳ ಗೆಳತಿಯೂ ನನ್ನ ಜೊತೆ ಪೇಟೆಯವರೆಗೆ ನಡೆದು ಬಂದರು. ಮಂಡಿಯ ಮುಂದೆ ಮಿರ್ಲೆಯ ಗಾಡಿಗಳು ಬೆಲ್ಲ ಇಳಿಸುತ್ತಿದ್ದವು. ಬೀದಿಯೆಲ್ಲ ಹೊಸ ಬೆಲ್ಲದ ಘಮ. ಅಜ್ಜಿ ಜಗಲಿಯ ಮೇಲೆ ಕುಳಿತು ದಾರಿ ನೋಡುತ್ತಿದ್ದರು.

“ನಕ್ಯಾ ಇವತ್ತು?”

“ನಕ್ಕೆ ಅಜ್ಜಿ.”

“ದೊಡ್ಡ ಮೇಡಮ್ಮೋರ ಮುಂದೇನೇ?”

“ಊಂ. ಅವರೂ ನಕ್ರು.”

ಅಜ್ಜಿ ಒಂದು ಅಚ್ಚು ಬೆಲ್ಲವನ್ನು ಜಗಲಿಯ ಅಂಚಿಗೆ ಕುಟ್ಟಿ ಮುರಿದರು. ಮೊಮ್ಮಗಳಿಗೆ ಒಂದು ತುಂಡು, ಸಾಹೇಬರ ಮಗಳಿಗೆ ಒಂದು ತುಂಡು, ಎಲ್ಲಕ್ಕಿಂತ ದೊಡ್ಡ ತುಂಡನ್ನು ನನ್ನ ಕೈಗೆ ಕೊಟ್ಟು, “ನಿಂತ್ಕೊಂಡೇ ತಿನ್ನಿ ಅಮ್ಮೋರೆ, ಗಾಡಿಯಿಂದ ಈಗ್ತಾನೆ ಇಳ್ದದೆ” ಎಂದರು. ಬೀದಿಯಲ್ಲಿ ನಿಂತು ತಿನ್ನುವುದು ಉಪಾಧ್ಯಾಯಿನಿಗೆ ಶೋಭೆಯಲ್ಲ. ಮೂವರೂ ಅಲ್ಲೇ ನಿಂತು ತಿಂದೆವು.